ಅರವತ್ತು ಸಾವಿರ ಗಂಟೆಯ ಮಾತು

ಆ ಟಿವಿಯ ಡಬ್ಬದ ಒಂದು ಮೂಲೆಯಲ್ಲಿ ‘ಅರವತ್ತು ಸಾವಿರ ಗಂಟೆ’ ಎಂದು ಅಚ್ಚಾಗಿತ್ತು. ಗುಂಡ್ಲುಪೇಟೆಯಿಂದ ಬಂದಿದ್ದ ಗಿರಾಕಿಗೆ ಅದನ್ನು ಓದಿ ಹೇಳಿದವನು ನಾನು. ದಿನಕ್ಕೆ ಐದು ಗಂಟೆ ಹಾಕಿದರೆ ಎಷ್ಟು ವರ್ಷ ಬರುತ್ತದೆ ನೋಡಿ ಎಂದು ಕ್ಯಾಲ್ಕುಲೇಟರ್ ಒತ್ತಿ ತೋರಿಸಿದವನೂ ನಾನೇ. ಮೂವತ್ತೆರಡು ವರ್ಷ ಚಿಲ್ಲರೆ ಬಂತು. ಗಿರಾಕಿ ಬಸ್ ಕಂಡಕ್ಟರ್. ಲೆಕ್ಕದಲ್ಲಿ ನನಗಿಂತ ಚುರುಕು. ಆದರೂ ಬಾಯಿ ಬಿಟ್ಟುಕೊಂಡು ನೋಡಿದರು.

“ಅಂದ್ರ ನಾನು ರಿಟೈರ್ ಆದ್ಮೇಲೂ ಓಡ್ತದ ಅನ್ನಿ.”

“ನಿಮ್ಮ ಮೊಮ್ಮಕ್ಕಳೂ ಇದರಲ್ಲೇ ಕಾರ್ಟೂನ್ ನೋಡ್ತಾರೆ ಅಣ್ಣ,” ಎಂದೆ. ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಅಲ್ಲಿರಲಿಲ್ಲ.

ಎರಡು ಸಾವಿರದ ಎಂಟರ ಮಳೆಗಾಲ ಅದು. ಚಾಮರಾಜನಗರದ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿದ್ದ ಒಂದು ಟಿವಿ ಅಂಗಡಿಯಲ್ಲಿ ನಾನು ಮೆಕ್ಯಾನಿಕ್ ಆಗಿದ್ದೆ. ಅಂಗಡಿಯ ಮುಂಭಾಗ ಯಜಮಾನರದು. ಹೊಸ ಸೆಟ್ಟು, ಫ್ರಿಜ್ಜು, ಮಿಕ್ಸಿ ಎಲ್ಲ ಅಲ್ಲಿ ಹೊಳೆಯುತ್ತಿದ್ದವು. ಹಿಂಭಾಗದಲ್ಲಿ ಪರದೆಯಾಚೆ ನನ್ನ ರಿಪೇರಿ ಬೆಂಚು. ಹದಿನಾಲ್ಕು ವರ್ಷ ಆ ಬೆಂಚಿನ ಮೇಲೆ ಬಗ್ಗಿ ಬಗ್ಗಿ ನನ್ನ ಕುತ್ತಿಗೆಯೇ ಒಂದು ಕಡೆ ವಾಲಿಕೊಂಡಿತ್ತು. ಉಮ್ಮತ್ತೂರಿನಿಂದ ಗೋಣಿಚೀಲದಲ್ಲಿ ಸುತ್ತಿ ತಂದ ದಪ್ಪ ಟಿವಿಯ ಬೆನ್ನು ಬಿಚ್ಚಿ ಒಂದು ಸಲ ಮೂಸಿ ನೋಡಿದರೆ ಸಾಕು, ಎಲ್ಲಿ ಸುಟ್ಟಿದೆ ಎಂದು ಹೇಳಿಬಿಡುತ್ತಿದ್ದೆ. ಆ ಜಂಬ ನನಗಿತ್ತು, ಈಗಲೂ ಇದೆ.

ತೆಳ್ಳನೆಯ ಟಿವಿಗಳು ಬಂದ ಮೇಲೆ ಯಜಮಾನರ ವರಸೆ ಬದಲಾಯಿತು. “ಇನ್ನು ಮೇಲೆ ಬಿಚ್ಚೋ ಟಿವಿ ಬರಲ್ಲ ಕಣಯ್ಯಾ,” ಎಂದರು ಒಂದು ದಿನ. “ಕೆಟ್ಟರೆ ಕಂಪನಿಯವರು ಬೋರ್ಡ್ ಬದಲಾಯಿಸ್ತಾರೆ, ಇಲ್ಲದಿದ್ದರೆ ಎಸೆಯೋದು. ಮುಂದಿನ ವರ್ಷ ನಿನ್ನ ಬೆಂಚ್ ತೆಗೆದು ಅಲ್ಲಿ ಫ್ರಿಜ್ ನಿಲ್ಲಿಸ್ತೀನಿ. ನೀನು ಷರ್ಟ್ ಇನ್ ಮಾಡ್ಕೊಂಡು ಮುಂದೆ ನಿಂತ್ಕೊ. ಮಾತು ಚೆನ್ನಾಗಿ ಆಡ್ತೀಯ.”

ಮಾತು ಚೆನ್ನಾಗಿ ಆಡುತ್ತಿದ್ದೆ ಎನ್ನುವುದಕ್ಕೆ ಆ ಮೂವತ್ತೆರಡು ವರ್ಷವೇ ಸಾಕ್ಷಿ. ಆದರೆ ಷರ್ಟ್ ಇನ್ ಮಾಡಿಕೊಂಡು ಬಾಗಿಲಲ್ಲಿ ನಿಲ್ಲುವ ಬಾಳು ನನಗೆ ಬೇಡವಾಗಿತ್ತು. ಕೆಟ್ಟದ್ದನ್ನು ಸರಿಮಾಡಿ ಸ್ವಿಚ್ ಒತ್ತಿದಾಗ ಪರದೆಯ ಮೇಲೆ ಬೆಳಕು ಬರುತ್ತದಲ್ಲ, ಆ ಒಂದು ಕ್ಷಣಕ್ಕಾಗಿ ನಾನು ಈ ಕೆಲಸಕ್ಕೆ ಬಂದವನು.

ಕಂಡಕ್ಟರ್ ಟಿವಿಯನ್ನು ತಾವು ಡ್ಯೂಟಿ ಮಾಡುವ ಬಸ್ಸಿನಲ್ಲೇ ಊರಿಗೆ ಒಯ್ದರು. ಗೋಡೆಗೆ ತೂಗುಹಾಕುವುದಕ್ಕೆ ನಾನೂ ಜೊತೆಗೆ ಹೊರಟೆ. ಡಬ್ಬವನ್ನು ಕಿಟಕಿ ಸೀಟಿನಲ್ಲಿ ನಿಲ್ಲಿಸಿ ಪಕ್ಕದಲ್ಲಿ ನಾನು ಕುಳಿತು ಹಿಡಿದುಕೊಂಡಿದ್ದೆ. ತೆರಕಣಾಂಬಿಯಲ್ಲಿ ಹತ್ತಿದ ಒಬ್ಬರು, “ಏನ್ ಸಾ, ಇದ್ಕೂ ಸೀಟಾ? ನಾವು ನಿಂತ್ಕಂಡು ಓಗ್ಬೇಕಾ?” ಎಂದು ರೇಗಿದರು. ಕಂಡಕ್ಟರ್ ಜೇಬಿನಿಂದ ಲಗೇಜ್ ಟಿಕೆಟ್ ತೆಗೆದು ಅವರ ಮೂಗಿನ ಮುಂದೆ ಹಿಡಿದರು. ತಮಗೆ ತಾವೇ ಹರಿದುಕೊಂಡಿದ್ದ ಟಿಕೆಟ್ ಅದು.

ಗುಂಡ್ಲುಪೇಟೆಯ ಅವರ ಮನೆ ಹಳೆಯದು. ದಪ್ಪ ಗೋಡೆ, ಹೆಂಚಿನ ಮಾಡು. ಮನೆಯಲ್ಲಿ ಕಂಡಕ್ಟರ್, ಅವರ ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು, ಮತ್ತೆ ಕಂಡಕ್ಟರ ತಾಯಿ. ಆ ಅಜ್ಜಿಗೆ ಎಂಬತ್ತರ ಹತ್ತಿರವಂತೆ. ಬಾಯಿ ಮಾತ್ರ ಇಪ್ಪತ್ತರದು. ನಡುಮನೆಯಲ್ಲಿ ಒಂದು ಗೋಡೆಗೆ ಕಿಟಕಿ, ಇನ್ನೊಂದಕ್ಕೆ ಬಾಗಿಲು, ಮೂರನೆಯದರ ತುಂಬ ಮಾದಪ್ಪನಿಂದ ಹಿಡಿದು ಗೋಪಾಲಸ್ವಾಮಿಯವರೆಗೆ ದೇವರ ಪಟಗಳು. ನಾಲ್ಕನೆಯ ಗೋಡೆ ಮಾತ್ರ ಪೂರ್ತಿ ಖಾಲಿ. ಒಂದು ಕ್ಯಾಲೆಂಡರ್ ಕೂಡ ಇರಲಿಲ್ಲ. ಅದರ ಬುಡದಲ್ಲಿ ಅಜ್ಜಿಯ ಚಾಪೆ ಹಾಸಿತ್ತು, ಅಷ್ಟೇ. ಟಿವಿಗಾಗಿಯೇ ಕಟ್ಟಿಟ್ಟ ಗೋಡೆ ಎಂದು ನಾನು ಕುಣಿದಾಡಿದೆ.

“ನನ್ ಜಾಗ ಕಣ್ ಮಗ ಅದು,” ಎಂದರು ಅಜ್ಜಿ.

“ಅವ್ವೋ, ನೀನು ಎದುರ್ಗ ಕುಂತ್ಕೊ. ಟಿವಿ ಕೆಳಗ ಕುಂತ್ರ ಏನ್ ಕಂಡದು?” ಎಂದು ಕಂಡಕ್ಟರ್ ಚಾಪೆಯನ್ನು ಎಳೆದು ಆಚೆ ಹಾಕಿದರು. ಮಧ್ಯಾಹ್ನ ಮೂರು ಗಂಟೆಯ ಹೊತ್ತು. ನಾಲ್ಕು ತೂತು ಕೊರೆದು, ಕಬ್ಬಿಣದ ಪಟ್ಟಿ ಬಿಗಿದು, ಗೋಡೆಗೂ ಸೆಟ್ಟಿಗೂ ಎರಡು ಬೆರಳು ಸಂದು ಬಿಟ್ಟು ತೂಗುಹಾಕಿದೆ. ಚಿತ್ರ ಬಂದಾಗ ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಅಜ್ಜಿ ಮಾತ್ರ ಮುಖ ಊದಿಸಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು.

ಡಿಸೆಂಬರ್ ಕಳೆಯುವಷ್ಟರಲ್ಲಿ ದೂರು ಬಂತು. ಸ್ವಿಚ್ ಒತ್ತಿದರೆ ಕೆಂಪು ದೀಪ ಮಿನುಗುತ್ತದೆ, ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು ಬರುತ್ತದೆ, ಚಿತ್ರ ಬರುವುದಕ್ಕೆ ಕಾಲು ಗಂಟೆ ಬೇಕು. ಆ ಮನೆಯವರು ಅದಕ್ಕೂ ಹೊಂದಿಕೊಂಡಿದ್ದರು. “ಅನ್ನಕ್ಕಿಡ್ವಾಗ್ಲೇ ಇದ್ನೂ ಹಾಕ್ಬುಡ್ತೀನಿ ಅಣ್ಣ,” ಎಂದರು ಕಂಡಕ್ಟರ ಹೆಂಡತಿ. “ಅನ್ನ ಬೇಯೋದೂ ಚಿತ್ರ ಬರೋದೂ ಒಂದೇ ಸಲಕ್ಕ ಆಯ್ತದ.” ಗ್ಯಾರಂಟಿ ಇತ್ತು. ಮೈಸೂರಿನಿಂದ ಕಂಪನಿಯ ಇಂಜಿನಿಯರ್ ಬಂದು, ಕರೆಂಟು ಹಂಚುವ ಪವರ್ ಬೋರ್ಡನ್ನು ಪೂರ್ತಿ ತೆಗೆದು ಹೊಸದು ಹಾಕಿದರು. ಕಾರಣ ಏನು ಎಂದು ನಾನು ಕೇಳಿದೆ. “ಬೋರ್ಡ್ ಹೋಗಿದೆ,” ಎಂದರು. ಬೋರ್ಡ್ ಹೋಗಿದೆ ಎನ್ನುವುದು ಕಾರಣವೇ? ಜ್ವರ ಯಾಕೆ ಬಂತು ಎಂದರೆ ಮೈ ಬಿಸಿಯಾಗಿದೆ ಎಂದ ಹಾಗಾಯಿತು. ಮನಸ್ಸಿನಲ್ಲೇ ಬೈದುಕೊಂಡೆ.

ಗ್ಯಾರಂಟಿ ಮುಗಿದು ತಿಂಗಳೂ ಆಗಿರಲಿಲ್ಲ, ಸೆಟ್ಟು ಮತ್ತೆ ಮಲಗಿತು. ಈ ಸಲ ಸ್ವಿಚ್ ಒತ್ತಿದರೆ ಎರಡು ಸೆಕೆಂಡ್ ಚಿತ್ರ ಕಂಡು ಕತ್ತಲಾಗುತ್ತಿತ್ತು. ಅದೇ ಇಂಜಿನಿಯರ್ ಬಂದು ನೋಡಿ, “ಪ್ಯಾನೆಲ್ ಹೋಗಿದೆ, ಇನ್ನು ಹೊಸದು ತಗೊಳ್ಳೋದೇ ವಾಸಿ,” ಎಂದು ಹೇಳಿ ಹೊರಟರು. ಪ್ಯಾನೆಲ್ ಎಂದರೆ ಚಿತ್ರ ಮೂಡುವ ಗಾಜಿನ ಹಲಗೆ. ಅದು ಹೋದರೆ ಟಿವಿ ಹೋದಂತೆಯೇ.

ಕಂಡಕ್ಟರ್ ಸೆಟ್ಟನ್ನು ಹಳೆ ಕಂಬಳಿಯಲ್ಲಿ ಸುತ್ತಿ ಅಂಗಡಿಗೆ ತಂದರು. ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಚೆನ್ನಾಗಿತ್ತು. ಮುಂದಿದ್ದ ಹತ್ತು ಗಿರಾಕಿಗಳ ಎದುರು ನಿಧಾನವಾಗಿ, “ಮೂವತ್ತೆರಡು ವರ್ಸ ಅಂದಿದ್ರಿ. ಮೂವತ್ತೊಂದು ಎಲ್ ಓಯ್ತಣ್ಣ?” ಎಂದರು. ಒಬ್ಬರು ಕಿಸಕ್ಕನೆ ನಕ್ಕರು. ಯಜಮಾನರ ಮುಖ ಹುಣಸೆಹಣ್ಣಾಯಿತು.

ಗಿರಾಕಿಗಳು ಹೋದ ಮೇಲೆ ಯಜಮಾನರು ನನ್ನನ್ನು ಕರೆದರು. “ನಾನು ಏನು ಹೇಳಿದ್ದೆ? ಇವು ರಿಪೇರಿಯ ಸೆಟ್ಟಲ್ಲ. ಅವರಿಗೆ ಏನಾದರೂ ಹೇಳಿ ಕಳಿಸು.”

“ನಾನು ಬಿಚ್ಚಿ ನೋಡ್ತೀನಿ ಸಾರ್.”

“ಬಿಚ್ಚಿ ಏನು ನೋಡ್ತೀಯ? ಅಲ್ಲಿ ಮೂಸೋಕೆ ಏನಿದೆ?”

ಆ ಮಾತು ಚುಚ್ಚಿತು. ರೋಷಕ್ಕೆ ನಾನೂ ಒಂದು ಮಾತು ಎಸೆದೆ. ಈ ಸೆಟ್ಟನ್ನು ನಾನು ರಿಪೇರಿ ಮಾಡಿ, ಅದು ಯುಗಾದಿಯವರೆಗೆ ಒಂದು ದಿನವೂ ಕೆಡದೆ ಓಡಿದರೆ ನನ್ನ ಬೆಂಚು ಉಳಿಯಬೇಕು. ಕೆಟ್ಟರೆ ನಾನೇ ಬೆಂಚನ್ನು ಹೊತ್ತು ಆಚೆ ಹಾಕಿ, ಷರ್ಟ್ ಇನ್ ಮಾಡಿಕೊಂಡು ಮುಂದೆ ಬಂದು ನಿಲ್ಲುತ್ತೇನೆ. ಯಜಮಾನರು, “ಆಗಲಿ,” ಎಂದರು. ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೇ ಭಯವಾಯಿತು.

ನಾನು ಅಂಥ ಸೆಟ್ಟನ್ನು ಬಿಚ್ಚುತ್ತಿದ್ದುದು ಅದೇ ಮೊದಲು. ಬೆಂಚಿನ ಮೇಲೆ ಕಂಬಳಿ ಹಾಸಿ ಮುಖ ಕೆಳಗೆ ಮಾಡಿ ಮಲಗಿಸಿದೆ. ಹನ್ನೊಂದು ಸ್ಕ್ರೂ. ಬೆನ್ನು ತೆಗೆದರೆ ಒಳಗೆ ಏನೂ ಇಲ್ಲವೆನ್ನುವಷ್ಟು ಖಾಲಿ. ಎರಡು ಮೂರು ಹಸಿರು ಬೋರ್ಡು, ನಾಲ್ಕು ವೈರು. ದಪ್ಪ ಟಿವಿಯ ಗಿಜಿಗಿಜಿ ಸಂಸಾರ ನೋಡಿ ರೂಢಿಯಾದವನಿಗೆ ಇದು ಮದುವೆ ಮುಗಿದ ಛತ್ರದಂತೆ ಕಂಡಿತು. ಮೊದಲು ಪ್ಯಾನೆಲ್ ಹೋಗಿದೆಯೇ ನೋಡಬೇಕಿತ್ತು. ಸೆಟ್ಟನ್ನು ಎತ್ತಿ ನಿಲ್ಲಿಸಿ, ಸ್ವಿಚ್ ಹಾಕಿ, ಕತ್ತಲಾದ ಪರದೆಗೆ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದೆ. ಬೆಳಕಿನ ಬಳೆಯೊಳಗೆ, ಮಂಜಿನಲ್ಲಿ ಕಂಡ ಹಾಗೆ, ವಾರ್ತೆ ಓದುವ ಹೆಂಗಸು ತುಟಿ ಅಲ್ಲಾಡಿಸುತ್ತಿದ್ದಳು! ಪ್ಯಾನೆಲ್ ಜೀವಂತ ಇತ್ತು. ಅದರ ಹಿಂದಿನ ದೀಪಗಳಿಗೆ ಸರಿಯಾದ ಕರೆಂಟು ಸಿಗುತ್ತಿರಲಿಲ್ಲ, ಅಷ್ಟೇ. ಬೆಂಚಿನ ಮುಂದೆ ನಾನು ಒಬ್ಬನೇ ಚಪ್ಪಾಳೆ ತಟ್ಟಿದೆ.

ಪವರ್ ಬೋರ್ಡನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಕಿರುಬೆರಳಿನ ತುದಿಯಷ್ಟು ದಪ್ಪದ ಕೆಪಾಸಿಟರ್‌ಗಳು ಸಾಲಾಗಿ ನಿಂತಿದ್ದವು. ಅವುಗಳ ತಲೆ ಚಪ್ಪಟೆಯಾಗಿರಬೇಕು. ಮೂರರ ತಲೆ ಮಾತ್ರ ಬಾಣಲೆಯಲ್ಲಿ ಉಬ್ಬಿದ ಪೂರಿಯಂತೆ ಮೇಲೆದ್ದಿತ್ತು. ಒಂದರ ನೆತ್ತಿಯಿಂದ ಕಂದು ಬಣ್ಣದ ಅಂಟು ಒಸರಿತ್ತು. ಕರೆಂಟಿನ ಏರಿಳಿತವನ್ನು ಸಮ ಮಾಡಿ ಕೊಡುವ ಕೆಲಸ ಇವುಗಳದು. ಇವು ಸೊರಗಿದರೆ ದೀಪ ಒಂದು ಕ್ಷಣ ಹತ್ತಿ, ಕರೆಂಟು ಸಾಲದೆ ತಾನೇ ಆರಿಹೋಗುತ್ತದೆ. ನನ್ನ ಡಬ್ಬಿಯಲ್ಲಿ ಅದೇ ಅಳತೆಯವು ಮೂರು ಇದ್ದವು, ದಪ್ಪ ಟಿವಿಗೆಂದು ತಂದಿಟ್ಟಿದ್ದವು. ಹಳೆಯವನ್ನು ಕಿತ್ತು ಹೊಸವನ್ನು ಬೆಸೆದೆ. ಸ್ವಿಚ್ ಹಾಕಿದ ಕೂಡಲೇ ಟಿಕ್ ಎಂಬ ಸದ್ದೂ ಇಲ್ಲದೆ ಚಿತ್ರ ಬಂತು. ಯಜಮಾನರು ಅಂಗಡಿಯ ಪರದೆ ಸರಿಸಿ ಇಣುಕಿ ನೋಡಿ ಹೋದರು.

ಎಂಟು ದಿನ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಓಡಿಸಿದೆ. ಒಂದು ಸಲವೂ ತಕರಾರು ಮಾಡಲಿಲ್ಲ. ಈ ಸಲವೂ ಮಧ್ಯಾಹ್ನದ ಮೇಲೆ ಗುಂಡ್ಲುಪೇಟೆಗೆ ಒಯ್ದು ಅದೇ ಗೋಡೆಗೆ ತೂಗುಹಾಕಿದೆ. ಕಂಡಕ್ಟರ ಹೆಂಡತಿ ಒಬ್ಬಟ್ಟು ಮಾಡಿ ಹಾಕಿದರು. ನಾನು ನಾಲ್ಕು ತಿಂದು, ಇನ್ನು ಈ ಸೆಟ್ಟಿನ ಚಿಂತೆ ಬಿಡಿ ಎಂದು ಮತ್ತೊಂದು ಮಾತು ಕೊಟ್ಟು ಬಂದೆ. ಒಬ್ಬಟ್ಟು ತಿಂದಾಗ ನನಗೆ ಬುದ್ಧಿ ಕಡಿಮೆಯಾಗುತ್ತದೆ.

ಎರಡು ತಿಂಗಳಿಗೆ, ಹೊಸ ವರ್ಷದ ಮೊದಲ ವಾರ, ಕಂಡಕ್ಟರ್ ಅಂಗಡಿಯ ಬಾಗಿಲಲ್ಲಿ ಬಂದು ನಿಂತರು. ಒಳಗೆ ಬರಲೂ ಇಲ್ಲ. “ಮತ್ತ ಟಿಕ್ ಟಿಕ್ ಅಂತಾದ ಅಣ್ಣ,” ಎಂದರು. ಅವರ ಹಿಂದೆಯೇ ಯಜಮಾನರು ನಿಂತು ಕೇಳಿಸಿಕೊಂಡರು.

“ಆಯ್ತಲ್ಲ,” ಎಂದರು ಯಜಮಾನರು. ದನಿಯಲ್ಲಿ ಗೆದ್ದ ಹಮ್ಮು ಇರಲಿಲ್ಲ, ಕನಿಕರ ಇತ್ತು. ಅದೇ ನನಗೆ ಹೆಚ್ಚು ಉರಿಯಿತು. “ಸಾರ್, ಯುಗಾದಿ ಇನ್ನೂ ಬಂದಿಲ್ಲ,” ಎಂದೆ. “ಇದೊಂದು ಸಲ ನೋಡ್ತೀನಿ. ಇನ್ನೊಂದು ಸಲ ಕೆಟ್ಟರೆ ನಾನೇ ಫ್ರಿಜ್ಜು ಹೊತ್ತು ತಂದು ಇಡ್ತೀನಿ.” ಅವರು, “ಕಡೇ ಸಲ,” ಎಂದರು.

ಆವತ್ತು ಮನೆಗೆ ಹೋಗಿ ಊಟ ಮಾಡುವಾಗಲೂ ಅದೇ ಯೋಚನೆ. ನನ್ನ ಬೆಂಚಿನ ಮೇಲೆ ಎಂಟು ದಿನ ಬೆಣ್ಣೆಯಂತೆ ಓಡಿದ ಸೆಟ್ಟು ಆ ಮನೆಗೆ ಹೋದರೆ ಯಾಕೆ ಸಾಯುತ್ತದೆ? ಕಂಪನಿಯ ಹೊಸ ಬೋರ್ಡೂ ಅಲ್ಲಿ ವರ್ಷ ತುಂಬುವ ಮೊದಲೇ ಹೋಗಿತ್ತು. ಕರೆಂಟು ಏರಿಳಿತವೇ ಎಂದರೆ, ಸ್ಟೆಬಿಲೈಸರ್ ಇತ್ತು. ಇರುವೆ ಹಲ್ಲಿ ನುಗ್ಗಿದ ಗುರುತಿರಲಿಲ್ಲ. ಮಾರನೆಯ ದಿನ ಮೈಸೂರಿಗೆ ಹೋಗಿ, ನನಗೆ ಸಾಮಾನು ಕೊಡುವ ಅಂಗಡಿಯವರ ಹತ್ತಿರ ಕಷ್ಟ ತೋಡಿಕೊಂಡೆ. ಅವರು ನಾನು ಹಾಕಿದ್ದಂಥದೇ ಒಂದು ಕೆಪಾಸಿಟರನ್ನು ತಮ್ಮ ಡಬ್ಬಿಯಿಂದ ತೆಗೆದು ತಿರುಗಿಸಿ ನಕ್ಕರು. “ಇದರ ಮೈಮೇಲೆ ಏನು ಬರೆದಿದೆ ಓದಿ.”

ಎಂಬತ್ತೈದು ಡಿಗ್ರಿ ಎಂದು ಬರೆದಿತ್ತು. ಹದಿನಾಲ್ಕು ವರ್ಷದಲ್ಲಿ ನಾನು ಆ ಅಂಕಿಗೆ ಗಮನ ಕೊಟ್ಟಿರಲಿಲ್ಲ.

“ತೆಳ್ಳನೆ ಸೆಟ್ಟಿಗೆ ನೂರೈದು ಡಿಗ್ರಿಯದೇ ಹಾಕಬೇಕು. ಆ ಕಾವಿನಲ್ಲಿ ಎರಡು ಸಾವಿರ ಗಂಟೆ ತಾಳ್ತದೆ ಅಂತ ಕಂಪನಿಯವರು ಬರೀತಾರೆ. ಹತ್ತು ಡಿಗ್ರಿ ಇಳಿದರೆ ಆಯಸ್ಸು ಎರಡರಷ್ಟು. ಇನ್ನು ಹತ್ತು ಇಳಿದರೆ ನಾಲ್ಕರಷ್ಟು. ಏರಿದರೆ ಹಾಗೇ ಅರ್ಧ ಅರ್ಧ,” ಎಂದರು ಅವರು.

ವಾಪಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಡಬ್ಬದ ಮೇಲೆ ಬರೆದ ಅರವತ್ತು ಸಾವಿರ ಗಂಟೆ ಪರದೆಯ ಹಿಂದಿನ ದೀಪದ್ದು. ದೀಪಕ್ಕೆ ಅನ್ನ ಹಾಕುವ ಈ ಕಿರುಬೆರಳಿನಷ್ಟು ಡಬ್ಬಿಯ ಆಯಸ್ಸನ್ನು ಯಾರೂ ಡಬ್ಬದ ಮೇಲೆ ಬರೆದಿರಲಿಲ್ಲ. ಅದನ್ನು ನಿರ್ಧರಿಸುವುದು ಕಾವು. ಹಾಗಾದರೆ ನನ್ನ ಬೆಂಚಿನ ಮೇಲೆ ಇಲ್ಲದ ಕಾವು ಆ ಮನೆಯಲ್ಲಿ ಎಲ್ಲಿಂದ ಬರುತ್ತಿದೆ?

ಅಲ್ಲಿಯೇ ತೀರ್ಮಾನ ಮಾಡಿದೆ. ಈ ಸಲ ಸೆಟ್ಟನ್ನು ಬೆಂಚಿಗೆ ತರುವುದು ಬೇಡ. ಬೆಂಚನ್ನೇ ಸೆಟ್ಟಿನ ಹತ್ತಿರ ಒಯ್ಯುತ್ತೇನೆ. ಅಂಗಡಿಗೆ ರಜೆ ಹಾಕಿ, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್, ಮೀಟರ್, ನೂರೈದು ಡಿಗ್ರಿಯ ಕೆಪಾಸಿಟರ್ ಎಲ್ಲ ಒಂದು ಬ್ಯಾಗಿಗೆ ತುಂಬಿಕೊಂಡು, ಮರುದಿನ ಬೆಳಗಿನ ಮೊದಲ ಬಸ್ ಹಿಡಿದೆ.

ಗುಂಡ್ಲುಪೇಟೆಯಲ್ಲಿ ಇಳಿದಾಗ ಮಂಜು ಇನ್ನೂ ರಸ್ತೆ ಬಿಟ್ಟಿರಲಿಲ್ಲ. ಬಂಡೀಪುರದ ಕಡೆಯಿಂದ ಕೊರೆಯುವ ಗಾಳಿ. ಮನೆಯ ಬಾಗಿಲು ತಟ್ಟಿದರೆ ಅಜ್ಜಿ ತೆಗೆದರು. ತಲೆಗೆ ಮಫ್ಲರ್, ಮೈಗೆ ಕಂಬಳಿ.

“ಯಾಕ್ ಮಗ ಇಷ್ಟೊತ್ಗೇ? ಬಸ್ಸು ತಳ್ಕೊಂಡು ಬಂದಾ?”

“ಟಿವಿ ನೋಡೋಕೆ ಬಂದೆ ಅಜ್ಜಿ.”

“ಕೆಟ್ಟ್ ಟಿವಿ ನೋಡಕ್ಕ ಮೊದಲ್ನೇ ಬಸ್ಗ ಬಂದವ ನೀನೊಬ್ನೇ ಕಣ್ಲಾ,” ಎಂದು ಅಜ್ಜಿ ನಕ್ಕರು.

ಕಂಡಕ್ಟರ ಹೆಂಡತಿ ಕಾಫಿ ಕೊಟ್ಟರು. ಅವತ್ತು ಬೆಳಿಗ್ಗೆ ಟಿವಿ ಹಾಕಿಲ್ಲವೆಂದೂ, ಹಿಂದಿನ ಸಂಜೆಯೇ ಪ್ಲಗ್ ಕಿತ್ತಿಟ್ಟಿದ್ದೇವೆಂದೂ ಹೇಳಿದರು. ಸರಿ, ಗೋಡೆಯಿಂದ ಇಳಿಸೋಣ ಎಂದು ಸೆಟ್ಟಿನ ಎರಡು ಬದಿಗೆ ಕೈ ಹಾಕಿ ಬೆರಳನ್ನು ಹಿಂದಕ್ಕೆ ತೂರಿಸಿದೆ. ಕೈ ಅಲ್ಲೇ ನಿಂತಿತು. ಬೆನ್ನು ಬಿಸಿ ಇತ್ತು.

ರಾತ್ರಿಯಿಡೀ ಕರೆಂಟಿಲ್ಲದ ಸೆಟ್ಟು, ಹೊರಗೆ ಹಲ್ಲು ಕಟಕಟಿಸುವ ಚಳಿ, ಬೆನ್ನು ಬಿಸಿ. ಸೆಟ್ಟನ್ನು ಇಳಿಸಿ ಚಾಪೆಯ ಮೇಲೆ ಒರಗಿಸಿ, ಗೋಡೆಗೆ ಅಂಗೈ ಒತ್ತಿದೆ. ಗೋಡೆ ಆಗತಾನೇ ಹೆಂಚಿನಿಂದ ಇಳಿಸಿದ ರೊಟ್ಟಿಯಷ್ಟು ಬಿಸಿ. ಅದೇ ಹೊತ್ತಿಗೆ ಗೋಡೆಯ ಆಚೆಯಿಂದ ಚೊಂಬಿನ ಸದ್ದು, ನೀರು ಸುರಿದ ಸದ್ದು, ಆಮೇಲೆ ಕಂಡಕ್ಟರ ಗಂಟಲು: “ಇನ್ನೊಂದೆರ್ಡು ಮಟ್ಟೆ ತಳ್ಳು, ನೀರು ಸಾಲ್ದು!”

ಬಚ್ಚಲುಮನೆ! ಆ ಗೋಡೆಯ ಬೆನ್ನಿಗೆ ಆನಿಸಿಯೇ ಹಂಡೆಯ ಒಲೆ. ನಾನು ಹಿತ್ತಲಿನಿಂದ ಸುತ್ತಿ ಬಂದು ನೋಡಿದೆ. ತಾಮ್ರದ ಹಂಡೆ ಗೋಡೆಗೆ ಅಂಟಿಕೊಂಡು ಹೂತಿತ್ತು. ಕೆಳಗೆ ತೆಂಗಿನ ಮಟ್ಟೆ ನಿಗಿನಿಗಿ ಉರಿಯುತ್ತಿತ್ತು. ನಸುಕಿಗೆ ಹಚ್ಚಿದ ಒಲೆ ನಾಲ್ಕೂ ಜನರ ಸ್ನಾನ ಮುಗಿಯುವವರೆಗೆ ಉರಿದು, ಆಮೇಲೂ ಕೆಂಡ ಮಧ್ಯಾಹ್ನದ ತನಕ ಇರುತ್ತದಂತೆ. ಚಳಿಗಾಲದಲ್ಲಿ ಸಂಜೆ ಮತ್ತೊಮ್ಮೆ. ಆ ಕಾವಿನ ಗೋಡೆಗೆ ಎರಡು ಬೆರಳು ಸಂದು ಬಿಟ್ಟು ಟಿವಿ ಬಿಗಿದವನು ನಾನು. ಬೆಳಿಗ್ಗೆ ಭಕ್ತಿಗೀತೆಗೂ ವಾರ್ತೆಗೂ ಟಿವಿ ಹಾಕಿದರೆ ಒಳಗಿನ ಕಾವು, ಹೊರಗಿನ ಕಾವು ಎರಡೂ ಸೇರಿ ಆ ಬಡಪಾಯಿ ಕೆಪಾಸಿಟರ್‌ಗಳು ಬೇಯುತ್ತಿದ್ದವು. ಇದರಲ್ಲಿ ಎಂಬತ್ತೈದು ಡಿಗ್ರಿಯವನ್ನು ಬೇರೆ ಹಾಕಿದ್ದೆ ನಾನು.

ನಡುಮನೆಗೆ ಓಡಿ ಬಂದು, “ಅಜ್ಜೀ, ಈ ಗೋಡೆ ಬಿಸಿ ಆಗ್ತದೆ ಅಂತ ಗೊತ್ತಿತ್ತಾ?” ಎಂದು ಕೂಗಿದೆ.

“ಗೊತ್ತಿಲ್ದೆ? ಅದ್ಕೇ ಅಲ್ವಾ ನಾನು ಅಲ್ ಕುಂತ್ಕತಿದ್ದುದು. ಬೆನ್ ನೋವ್ಗ ಅದ್ರಂಥ ಮದ್ದಿಲ್ಲ.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀ ಕೇಳ್ದಾ? ನನ್ ಜಾಗ ಅಂತ ನಾನಂದಿ. ಚಾಪೆ ಎಳ್ದು ಆಚ್ಗ ಹಾಕುದ್ರಿ.”

ಆ ಗೋಡೆ ಯಾಕೆ ಖಾಲಿ ಇತ್ತು ಎಂಬುದು ಆಗ ತಿಳಿಯಿತು. ಕ್ಯಾಲೆಂಡರ್ ಹಾಕಿದರೆ ಸುರುಳಿ ಸುತ್ತಿಕೊಳ್ಳುತ್ತಿತ್ತು, ಪಟ ಹಾಕಿದರೆ ಚೌಕಟ್ಟು ಬಾಗುತ್ತಿತ್ತು, ಅದಕ್ಕೇ ಯಾರೂ ಏನೂ ಹಾಕುತ್ತಿರಲಿಲ್ಲ. ಮನೆಯವರಿಗೆಲ್ಲ ಗೊತ್ತು. ದಪ್ಪ ಟಿವಿ ಮೇಜಿನ ಮೇಲೆ ಕೂರುತ್ತಿದ್ದುದರಿಂದ ಯಾರ ಮನೆಯಲ್ಲೂ ಈ ತಂಟೆ ಬಂದಿರಲಿಲ್ಲ. ಮನೆಯವರನ್ನು ಅಂದು ಏನು ಬಂತು? ನನ್ನ ಮನೆಯಲ್ಲೂ ಅಂಥದೇ ಗೋಡೆಯಿತ್ತು. ಮಳೆಗಾಲದಲ್ಲಿ ಅವ್ವ ನನ್ನ ಸ್ಕೂಲಿನ ಚಡ್ಡಿಯನ್ನು ಆ ಗೋಡೆಗೇ ಒಣಹಾಕುತ್ತಿದ್ದಳು. ಬೆಚ್ಚಗಿನ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋದವನು ನಾನು, ಬೆಚ್ಚಗಿನ ಗೋಡೆಗೆ ಟಿವಿ ಹೊಡೆದೆ. ನಗು ತಡೆಯಲಾಗಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಒಳಗೆ ಬಂದ ಕಂಡಕ್ಟರ್, ನಾನೂ ಅಜ್ಜಿಯೂ ಗೋಡೆಗೆ ಬೆನ್ನು ಕೊಟ್ಟು ನಗುತ್ತಿರುವುದನ್ನು ಕಂಡು ದಂಗಾದರು.

ವಿಷಯ ಹೇಳಿದೆ. “ತಪ್ಪು ನಂದು ಅಣ್ಣ. ಕಂಪನಿಯದಲ್ಲ, ನಿಮ್ಮದೂ ಅಲ್ಲ. ಗೋಡೆ ಮುಟ್ಟಿ ನೋಡದೆ ತೂತು ಕೊರೆದವನು ನಾನು.” ಹೇಳಿದ ಮೇಲೆ ಹಗುರಾಯಿತು.

ಕಂಡಕ್ಟರ್ ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಒಂದೂವರೆ ವರ್ಸದಿಂದ ನಾನೇ ದಿನಾ ನೀರು ಕಾಯಿಸಿ ನನ್ ಟಿವೀನೇ ಬೇಯ್ಸಿದ್ದೀನಿ ಅನ್ನಿ! ಓಗ್ಲಿ ಬುಡಿ. ಈಗ ಎಲ್ ಮಡಗನ?”

ಅದೇ ತೊಡಕು. ಉಳಿದದ್ದು ದೇವರ ಗೋಡೆ ಒಂದೇ. ಕಂಡಕ್ಟರ ಹೆಂಡತಿ ಹಿಂದೆ ಮುಂದೆ ನೋಡಿದರು. ಪಟಗಳನ್ನು ಬಿಸಿ ಗೋಡೆಗೆ ಹಾಕುವ ಹಾಗಿಲ್ಲ. ಟಿವಿಯನ್ನು ದೇವರಿಗಿಂತ ಮೇಲೆ ಹಾಕುವ ಹಾಗೂ ಇಲ್ಲ. ಕೊನೆಗೆ ಅಜ್ಜಿಯೇ ತೀರ್ಪು ಕೊಟ್ಟರು. “ಮಾದಪ್ಪ ಬೆಟ್ಟದ್ ಮ್ಯಾಲ್ ಇರವ. ಇನ್ನೊಂದ್ ಮೊಳ ಮ್ಯಾಕ್ಕ ಓಗಕ್ಕ ಬ್ಯಾಡ ಅಂದನಾ? ಪಟ ಎಲ್ಲ ಮ್ಯಾಕ್ಕೆತ್ತಿ, ಕೆಳಗ ಟಿವಿ ಮಡಗ್ರಿ.” ಹೇಳಿದವರೇ ಹೋಗಿ ಬೆಚ್ಚಗಿನ ಗೋಡೆಯ ಬುಡದಲ್ಲಿ ಚಾಪೆ ಹಾಸಿ ಕುಳಿತುಬಿಟ್ಟರು.

ಆ ದಿನ ಪೂರ್ತಿ ಅಲ್ಲೇ ಕೆಲಸ. ಊಟದ ಮಣೆಯೇ ಬೆಂಚು. ಉಬ್ಬಿದ ಮೂರನ್ನೂ, ಅವುಗಳ ಪಕ್ಕದ ಇನ್ನೆರಡನ್ನೂ ಕಿತ್ತೆ. ನೂರೈದು ಡಿಗ್ರಿಯವನ್ನು ಹಾಕುವಾಗ ಒಂದು ಉಪಾಯ ಮಾಡಿದೆ. ಬೋರ್ಡಿನಲ್ಲಿ ಬಿಸಿಯಾಗುವ ಭಾಗಕ್ಕೆ ಒಂದು ಅಲ್ಯೂಮಿನಿಯಂ ತಗಡು ಬಿಗಿದಿರುತ್ತಾರೆ. ಕಂಪನಿಯವರು ಒಂದು ಕೆಪಾಸಿಟರನ್ನು ಆ ತಗಡಿಗೆ ತಾಗುವಂತೆಯೇ ನಿಲ್ಲಿಸಿದ್ದರು. ನಾನು ಅದರ ಕಾಲನ್ನು ಸ್ವಲ್ಪ ಉದ್ದ ಬಿಟ್ಟು, ಕಾಲಿಗೆ ಪ್ಲಾಸ್ಟಿಕ್ ತೋಳು ತೊಡಿಸಿ, ಆಚೆಗೆ ವಾಲಿಸಿ, ಅಲ್ಲಾಡದಂತೆ ಅಂಟು ಹಾಕಿದೆ. ಸೆಟ್ಟಿಗೂ ಹೊಸ ಗೋಡೆಗೂ ನಡುವೆ ಗಾಳಿ ಆಡುವಂತೆ ಪಟ್ಟಿಯ ಹಿಂದೆ ಮರದ ತುಂಡು ಕೊಟ್ಟು ಒಂದು ಗೇಣು ಸಂದು ಬಿಟ್ಟೆ. ಸ್ವಿಚ್ ಒತ್ತಿದಾಗ ಮೇಲೆ ದೇವರು, ಕೆಳಗೆ ಬಣ್ಣ ಬಣ್ಣದ ಚಿತ್ರ. ಸ್ಕೂಲಿನಿಂದ ಬಂದ ಮಗಳು ಬ್ಯಾಗನ್ನೂ ಇಳಿಸದೆ ಕುಣಿದಳು.

ಆಮೇಲೆ ಯುಗಾದಿಯ ತನಕ ಕಾಯುವುದೊಂದೇ ಕೆಲಸ. ಕಂಡಕ್ಟರ ಬಸ್ಸು ದಿನಾ ಹನ್ನೊಂದಕ್ಕೆ ಚಾಮರಾಜನಗರಕ್ಕೆ ಬರುತ್ತಿತ್ತು. ಅವರು ಬಸ್ಸು ನಿಲ್ಲಿಸಿ ಕಾಫಿಗೆ ಹೋಗುವ ದಾರಿಯಲ್ಲಿ ನಮ್ಮ ಅಂಗಡಿಯ ಮುಂದೆ ನಿಂತು, ಟಿಕೆಟ್ ಕೂಗುವ ಅದೇ ಗಂಟಲಿನಲ್ಲಿ, “ಓಡ್ತಾ ಅದ!” ಎಂದು ಕೂಗುತ್ತಿದ್ದರು. ಯಜಮಾನರು ತಲೆ ಎತ್ತುತ್ತಿರಲಿಲ್ಲ. ನಾನು ಪರದೆಯಾಚೆಯಿಂದ, “ಆಗಲಿ ಅಣ್ಣ!” ಎನ್ನುತ್ತಿದ್ದೆ. ಸಂಕ್ರಾಂತಿ ಕಳೆಯಿತು, ಶಿವರಾತ್ರಿಯೂ ಕಳೆಯಿತು. ಪಕ್ಕದ ಬೇಕರಿಯವರೂ ಆ ಕೂಗಿಗೆ ಗಡಿಯಾರ ಸರಿಮಾಡಿಕೊಳ್ಳುವ ಹಾಗಾಯಿತು.

ಯುಗಾದಿಗೆ ಎರಡು ವಾರ ಇರುವಾಗ ಒಂದು ದಿನ ಕೂಗು ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಫೋನ್ ಮಾಡಿದರೆ ಸಿಗುವುದಿಲ್ಲ. ಮೂರನೆಯ ದಿನ ಹನ್ನೊಂದು ಗಂಟೆಗೆ ಯಜಮಾನರು ಗಡಿಯಾರ ನೋಡಿದ್ದನ್ನು ನಾನು ಪರದೆಯ ಸಂದಿಯಿಂದ ಕಂಡೆ. ನನ್ನ ಗಮನ ಆ ಕಡೆ ಹೋಗಿ ಕೈಯಲ್ಲಿದ್ದ ಐರನ್ ಇನ್ನೊಬ್ಬರ ರೇಡಿಯೋ ಸುಟ್ಟಿತು. ಕೆಟ್ಟಿರಬೇಕು, ಹೇಳುವುದಕ್ಕೆ ದಾಕ್ಷಿಣ್ಯವಾಗಿ ಬರುತ್ತಿಲ್ಲ ಎಂದುಕೊಂಡು, ಮನೆಯಲ್ಲಿ ಒಳ್ಳೆಯ ಷರ್ಟ್ ಎಷ್ಟಿವೆ ಎಂದು ಎಣಿಸಿಯೂ ನೋಡಿದೆ.

ನಾಲ್ಕನೆಯ ದಿನ ಸರಿಯಾಗಿ ಹನ್ನೊಂದಕ್ಕೆ ಕಂಡಕ್ಟರ್ ಏದುಸಿರು ಬಿಡುತ್ತಾ ಒಳಗೇ ನುಗ್ಗಿದರು. “ಡ್ಯೂಟಿ ಬದಲಾಯಿಸ್ಬುಟ್ರು ಅಣ್ಣ, ಸುಲ್ತಾನ್ ಬತ್ತೇರಿ ರೂಟ್ಗ. ಕಾಡೊಳ್ಗ ಫೋನೂ ಸಿಕ್ಕಲ್ಲ. ಈವತ್ತು ರಜ, ಇದ್ನ ಹೇಳಕ್ಕೇ ಬಂದಿ. ಓಡ್ತಾ ಅದ!”

ಕೇವಲ ಅದನ್ನು ಹೇಳುವುದಕ್ಕೆ ರಜೆಯ ದಿನ ಗುಂಡ್ಲುಪೇಟೆಯಿಂದ ಬಂದಿದ್ದರು ಆ ಪುಣ್ಯಾತ್ಮರು. ನಾನು ಅವರನ್ನು ತಬ್ಬಿಕೊಂಡೆ. ಕಣ್ಣು ಒದ್ದೆಯಾಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆ ಸೆಟ್ಟು ಮುಂದೆ ಒಂಬತ್ತು ವರ್ಷ ಓಡಿತು. ಮೂವತ್ತೆರಡು ಅಲ್ಲ, ನಿಜ. ಆದರೆ ಕೆಟ್ಟು ನಿಲ್ಲಲಿಲ್ಲ. ಮಗಳಿಗೆ ಕೆಲಸ ಸಿಕ್ಕಿ ದೊಡ್ಡ ಸೆಟ್ಟು ತಂದಳೆಂದು ಇಳಿಸಿದರು. ಆಮೇಲೆ ಗಿರಾಕಿಗಳು ಟಿವಿ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದರೆ ನಾನು ವರ್ಷ ಹೇಳುತ್ತಿರಲಿಲ್ಲ. ಮೊದಲು ನಿಮ್ಮ ಮನೆ ನೋಡಬೇಕು ಎನ್ನುತ್ತಿದ್ದೆ.

ಯುಗಾದಿಯ ಮಾರನೆಯ ದಿನ ಅಂಗಡಿಗೆ ಬೇಗ ಬಂದೆ. ಬೆಂಚು ಇದ್ದಲ್ಲೇ ಇತ್ತು. ಫ್ರಿಜ್ಜಿನ ಸುಳಿವಿರಲಿಲ್ಲ. ಯಜಮಾನರು ಏನಾದರೂ ಹೇಳುತ್ತಾರೆಂದು ಕಾದೆ. ಹತ್ತು ಗಂಟೆಗೆ ಅವರ ಕಾರು ಬಂದು ನಿಂತಿತು. ಹಿಂದಿನ ಬಾಗಿಲು ತೆಗೆದು, ಹೂವಿನ ಚಿತ್ರದ ಬೆಡ್‌ಶೀಟಿನಲ್ಲಿ ಸುತ್ತಿದ್ದ ಏನನ್ನೋ ತಾವೇ ತಬ್ಬಿಕೊಂಡು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೀಚೆ ನೋಡಿ, ನೇರ ಪರದೆಯ ಹಿಂದಕ್ಕೆ ಬಂದರು. ಬಿಚ್ಚಿದರೆ ದೊಡ್ಡ ತೆಳ್ಳನೆಯ ಟಿವಿ. ಅಂಗಡಿಯಿಂದ ಅವರು ತಮ್ಮ ಮನೆಗೇ ಒಯ್ದದ್ದು.

“ಮೂರು ತಿಂಗಳಿಂದ ಟಿಕ್ ಟಿಕ್ ಅಂತಿದೆ ಕಣಯ್ಯಾ,” ಎಂದರು ಪಿಸುದನಿಯಲ್ಲಿ. “ಮನೆಯವಳು ದಿನಾ 'ಟಿವಿ ಅಂಗಡಿ ಇಟ್ಟಿರೋದು ಯಾಕೆ' ಅಂತ ಆಡ್ಕೋತಾಳೆ. ನಿನ್ನ ಹತ್ತಿರ ಹೇಳೋದಕ್ಕೆ ಮುಖ ಇರಲಿಲ್ಲ.”

ಅನ್ನಬೇಕಾದ್ದೆಲ್ಲ ಗಂಟಲಲ್ಲಿ ಗಿಲಿಗಿಲಿ ನಗುತ್ತಿತ್ತು. ಬೆಂಚಿನ ಮೇಲೆ ಕಂಬಳಿ ಹಾಸಿ, ಸೆಟ್ಟನ್ನು ಮುಖ ಕೆಳಗೆ ಮಾಡಿ ಮಲಗಿಸಿ, ಸ್ಕ್ರೂ ಬಿಚ್ಚತೊಡಗಿದೆ. ಒಂದೊಂದಾಗಿ ಬಿಚ್ಚಿದ್ದನ್ನು ಯಜಮಾನರ ಅಂಗೈಯಲ್ಲಿ ಹಾಕುತ್ತ ಹೋದೆ. ಕೊನೆಯದನ್ನು ಹಾಕಿ, “ಮುಷ್ಟಿ ಬಿಗಿ ಹಿಡ್ಕೊಳ್ಳಿ ಸಾರ್, ಒಂದೂ ಬೀಳಬಾರದು,” ಎಂದೆ. ಅವರು ಮುಷ್ಟಿ ಬಿಗಿ ಹಿಡಿದುಕೊಂಡು, ನಾನು ಹೇಳುವವರೆಗೂ ಅಲ್ಲಾಡದೆ ನನ್ನ ಬೆಂಚಿನ ಪಕ್ಕದಲ್ಲಿ ನಿಂತಿದ್ದರು.